ಎರಡನೇ ಸಲ ವಿಮಾನ ಹತ್ತಬೇಡಿ

ಮಿನಿಯಾಪೊಲಿಸ್
28 ಮೇ 2025

ಪ್ರಿಯ ಸುಧಿ,

ನಿನ್ನ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಹನ್ನೊಂದು ನಿಮಿಷ! ಮದುವೆಗೆ ಕರೆಯುವಾಗಲೂ ನೀನು ಇಷ್ಟು ಹೊತ್ತು ಮಾತಾಡಿರಲಿಲ್ಲ. ಅಷ್ಟೆಲ್ಲ ಮಾತಾಡಿ ಕೊನೆಗೆ ಕೇಳಿದ್ದು ಏನು? "ಆ ರಾಜರ್ಸ್‌ನ ನಮ್ಮ ಟೀಮಿಗೆ ಕರ್ಕೊಂಡು ಬರಬೇಕೋ ಬೇಡವೋ, ಒಂದೇ ಮಾತಲ್ಲಿ ಹೇಳು." ಒಂದೇ ಮಾತಲ್ಲಿ ಆಗಲ್ಲ ಮಾರಾಯ, ಅದಕ್ಕೇ ಕಾಗದ ಬರೀತಿದ್ದೀನಿ. ನಾಲ್ಕು ಜನ ಓದಲಿ ಅಂತ ಎಲ್ಲರ ಮುಂದೆಯೇ ಹಾಕ್ತಿದ್ದೀನಿ. ಬೈಯೋದಿದ್ರೆ ನೀನೂ ಎಲ್ಲರ ಮುಂದೆಯೇ ಬೈ.

ಈ ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಇಲ್ಲಿನ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಅಂದ್ರೆ ಪ್ರತಿ ಸಲವೂ ಚೆಂಡು ಮೊದಲು ಯಾರ ಕೈಗೆ ಬರುತ್ತೋ ಅವನು. ಮದುವೆಮನೆಯ ಅಡಿಗೆಭಟ್ಟರ ಹಾಗೆ. ಉಳಿದವರು ಎಷ್ಟೇ ಚೆನ್ನಾಗಿ ಬಡಿಸಲಿ, ಭಟ್ಟರು ಕೈಕೊಟ್ಟರೆ ಊಟ ಕೆಟ್ಟಂತೆಯೇ. ಏರನ್ ರಾಜರ್ಸ್ ನಾಲ್ಕು ಸಲ ಲೀಗಿನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡವನು. ಈಗ 41 ವರ್ಷ, ಡಿಸೆಂಬರಿಗೆ 42. ನ್ಯೂಯಾರ್ಕಿನ ಜೆಟ್ಸ್ ಅವನನ್ನು ಕೈಬಿಟ್ಟಿದೆ. ಪಿಟ್ಸ್‌ಬರ್ಗ್ ಸ್ಟೀಲರ್ಸ್, ಅಂದರೆ ನಮ್ಮ ಸುಧಿಯ ಪ್ರಾಣ, ಅವನ ದಾರಿ ಕಾಯ್ತಾ ಕೂತಿದೆ.

ನನ್ನ ಕೇಳೋಕೆ ನಿನಗೊಂದು ಕಾರಣ ಇದೆ ಅಂತ ಗೊತ್ತು. ನಮ್ಮೂರ ತಂಡ ವೈಕಿಂಗ್ಸ್ ಮನೆಗೂ ಇಂಥದೇ ಒಬ್ಬ ಬಂದಿದ್ದನಲ್ಲ.

2009ರ ಆಗಸ್ಟ್ 18. ನಾನು ಈ ಊರಿಗೆ ಹೊಸಬ, ಆಟದ ನಿಯಮ ಅರ್ಧಂಬರ್ಧ ಗೊತ್ತು. ಮಧ್ಯಾಹ್ನ ಆಫೀಸಿನ ಕ್ಯಾಂಟೀನ್ ಟೀವಿಯಲ್ಲಿ ಒಂದು ಕಾರು ಹೋಗ್ತಾ ಇದೆ, ಮೇಲಿಂದ ಹೆಲಿಕಾಪ್ಟರ್ ಅದನ್ನೇ ತೋರಿಸ್ತಾ ಇದೆ. ಯಾರಾದ್ರೂ ಕಳ್ಳನ್ನ ಅಟ್ಟಿಸಿಕೊಂಡು ಹೋಗ್ತಿದ್ದಾರೇನೋ ಅಂದುಕೊಂಡೆ. ನೋಡಿದ್ರೆ ಸೇಂಟ್ ಪಾಲ್ ಏರ್‌ಪೋರ್ಟಿನಿಂದ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಬರ್ತಾ ಇದ್ದಾನೆ, ಕಾರು ಓಡಿಸ್ತಾ ಇರೋದು ಖುದ್ದು ಕೋಚ್ ಬ್ರಾಡ್ ಚಿಲ್ಡ್ರೆಸ್! ಮೊದಲ ದೀಪಾವಳಿಗೆ ಬರೋ ಅಳಿಯನಿಗೆ ಮಾವನೇ ಬಸ್‌ಸ್ಟ್ಯಾಂಡಿಗೆ ಹೋದ ಹಾಗೆ. ಇದೇ ಫಾರ್ವ್ ಹದಿನಾರು ಸೀಸನ್ ನಮ್ಮ ಬದ್ಧ ವೈರಿ ಗ್ರೀನ್ ಬೇ ಪ್ಯಾಕರ್ಸ್‌ಗೆ ಆಡಿ ನಮ್ಮ ಹೊಟ್ಟೆ ಉರಿಸಿದವನು. 2008ರ ಮಾರ್ಚಿನಲ್ಲಿ ಅತ್ತುಕೊಂಡು ನಿವೃತ್ತಿ ಹೇಳಿದ. ಬೇಸಿಗೆ ಕಳೆಯೋದರೊಳಗೆ ವಾಪಸ್ ಬಂದ, ಜೆಟ್ಸ್‌ಗೆ ಒಂದು ವರ್ಷ ಆಡಿದ, ಮತ್ತೆ ನಿವೃತ್ತ. ಈಗ ನಮ್ಮ ಬಾಗಿಲಿಗೆ. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ, ಹುಟ್ಟಾ ಮಿನೆಸೋಟದವನು, ಸ್ಯಾಂಡ್‌ವಿಚ್ ಕೆಳಗಿಟ್ಟು "ನಾಚಿಕೆಗೇಡು" ಅಂದ.

ಅದೇ ಮನುಷ್ಯ ಸೆಪ್ಟೆಂಬರ್ 27ಕ್ಕೆ ನನ್ನನ್ನ ವೈಕಿಂಗ್ಸ್ ಆಡೋ ಮೆಟ್ರೊಡೋಮ್ ಮೈದಾನಕ್ಕೆ ಕರ್ಕೊಂಡು ಹೋದ. ಸ್ಯಾನ್ ಫ್ರಾನ್ಸಿಸ್ಕೊ ಎದುರು ಆಟ. ನಾವು 20, ಅವರು 24. ಉಳಿದಿರೋದು ಒಂದೂವರೆ ನಿಮಿಷ, ಹೋಗಬೇಕಾದ್ದು 80 ಗಜ. ಜನ ಆಗಲೇ ಎದ್ದು ಹೊರಟಿದ್ದರು. ಆ 39 ವರ್ಷದವನು ಚೆಂಡು ಎಸೀತಾ ಎಸೀತಾ ತಂಡವನ್ನ ಮುಂದೆ ತಂದ. ಕೊನೇ ಎಸೆತಕ್ಕೆ ಅತ್ತಿತ್ತ ಓಡಾಡಿ, ಮೇಲೆ ಬೀಳೋಕೆ ಬಂದವನಿಂದ ತಪ್ಪಿಸಿಕೊಂಡು, ಮೂವತ್ತು ಗಜಕ್ಕೂ ಆಚೆ ಎಂಡ್ ಝೋನಿನ, ಅಂದ್ರೆ ಮೈದಾನದ ತುದಿಯಲ್ಲಿರೋ ಅಂಕದ ಪಟ್ಟಿಯ, ಹಿಂದಿನ ಅಂಚಿಗೆ ಗುರಿಯಿಟ್ಟು ಹೊಡೆದ. ತಂಡ ಸೇರಿ ತಿಂಗಳೂ ಆಗಿರದ ಗ್ರೆಗ್ ಲೂಯಿಸ್ ಅನ್ನೋನು ಹಾರಿ ಹಿಡಿದು, ಎರಡೂ ಕಾಲಿನ ಬೆರಳ ತುದಿ ಗೆರೆಯೊಳಗೆ ಊರಿ ಆಚೆಗೆ ಬಿದ್ದ. ಗಡಿಯಾರದಲ್ಲಿ ಎರಡು ಸೆಕೆಂಡ್. ಆ ಸದ್ದಿಗೆ ನನ್ನ ಎದೆಗೂಡು ಅದುರಿತು ಸುಧಿ. ನಾಚಿಕೆಗೇಡು ಅಂದಿದ್ದ ಮನುಷ್ಯ ನನ್ನನ್ನ ಎತ್ತಿಕೊಂಡುಬಿಟ್ಟ. ಗಾಳಿ ತುಂಬಿ ನಿಲ್ಲಿಸಿದ ಚಾವಣಿ ಅದು. ಬಾಗಿಲು ದಾಟುವಾಗ ಒಳಗಿನ ಗಾಳಿಯೇ ನಮ್ಮನ್ನ ಹಿಂದಿನಿಂದ ದೂಡಿ ಹೊರಕ್ಕೆ ಹಾಕ್ತಿತ್ತು. ಅವತ್ತು ಎಲ್ಲರೂ ಹಾರಿಕೊಂಡೇ ಬೀದಿಗೆ ಬಂದೆವು.

ಆ ವರ್ಷ ಅವನು 33 ಟಚ್‌ಡೌನ್ ಎಸೆದ, ಅಂದ್ರೆ ಹಾಗೆ ಎಂಡ್ ಝೋನ್ ಮುಟ್ಟಿಸಿದ ಎಸೆತ. ಎದುರಾಳಿ ಕೈಗೆ ಕೊಟ್ಟಿದ್ದು, ಅಂದ್ರೆ ಇಂಟರ್‌ಸೆಪ್ಷನ್, ಬರೀ 7. ಅವನ ಇಡೀ ಬಾಳಿನಲ್ಲೇ ಅಷ್ಟು ಅಚ್ಚುಕಟ್ಟಾದ ವರ್ಷ ಇನ್ನೊಂದಿಲ್ಲ. ಪ್ಯಾಕರ್ಸ್‌ನ ಎರಡು ಸಲ ಹೊಡೆದೆವು. ಒಂದು ಅವರ ಮೈದಾನದಲ್ಲೇ, ಅವರ ಜನ ಹಳೇ ದೇವರಿಗೆ ಬೂ ಅಂತ ಕೂಗ್ತಿರುವಾಗ. ಆ ಎರಡೂ ಆಟದಲ್ಲಿ ಎದುರಿಗೆ ಇದ್ದ 25ರ ಹುಡುಗ ಯಾರು ಗೊತ್ತಲ್ಲ? ಫಾರ್ವ್ ಜಾಗ ಬಿಡಲಿ ಅಂತ ಮೂರು ವರ್ಷ ಬೆಂಚಿನಲ್ಲಿ ಕೂತಿದ್ದ ರಾಜರ್ಸ್. ಅವತ್ತಿನ ಹುಡುಗ ಇವತ್ತು ನೀವು ಕಾಯ್ತಿರೋ ಮುದುಕ.

ಆಮೇಲೆ ನ್ಯೂ ಆರ್ಲಿಯನ್ಸ್‌ನಲ್ಲಿ ಸೆಮಿಫೈನಲ್. 2010ರ ಜನವರಿ 24. ಅದನ್ನ ಬರೆಯೋಕೆ ಈಗಲೂ ಕೈ ಬರಲ್ಲ, ಬೇಗ ಮುಗಿಸ್ತೀನಿ. 28–28. ಹತ್ತೊಂಬತ್ತು ಸೆಕೆಂಡ್ ಉಳಿದಿದೆ, ಇನ್ನೊಂದು ಹತ್ತು ಗಜ ಸಿಕ್ಕರೆ ಗೋಲಿಗೆ ಒದ್ದು ಸೂಪರ್ ಬೌಲ್‌ಗೆ, ಅಂದ್ರೆ ಫೈನಲ್‌ಗೆ, ಹೋಗಬಹುದು. ಆಗ ನಮ್ಮವರ ಗುಂಪಿನಲ್ಲಿ ಹನ್ನೊಂದು ಜನರ ಬದಲು ಹನ್ನೆರಡು ಜನ ನಿಂತು ಐದು ಗಜ ದಂಡ. ಫಾರ್ವ್‌ಗೆ ಮುಂದೆ ಓಡೋಕೆ ಜಾಗ ಇತ್ತು. ಆದರೆ ಕಾಲು ಆಗಲೇ ಜಜ್ಜಿಹೋಗಿದೆ, ವಯಸ್ಸು ನಲವತ್ತು. ಬಲಕ್ಕೆ ಓಡ್ತಾ ಮೈಗೆ ಅಡ್ಡಲಾಗಿ ಎಡಕ್ಕೆ ಎಸೆದ. ಟ್ರೇಸಿ ಪೋರ್ಟರ್ ಹಿಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೆಚ್ಚುವರಿ ಆಟದಲ್ಲಿ ಆ ಊರಿನ ಸೇಂಟ್ಸ್ ಗೆದ್ದರು. ಅವತ್ತು ನಮ್ಮವರು ಐದು ಸಲ ಚೆಂಡು ಕಳೆದುಕೊಂಡಿದ್ದರು, ಎಲ್ಲವೂ ಅವನ ತಪ್ಪಲ್ಲ. ಆದರೂ ಜನ ನೆನಪಿಟ್ಟುಕೊಂಡಿರೋದು ಅದೊಂದೇ ಎಸೆತ.

ಇಷ್ಟು ಕೇಳಿ "ಹಾಗಾದ್ರೆ ಬೇಡ ಅಂತೀಯಾ" ಅನ್ನಬೇಡ. ಅಲ್ಲೇ ಇರೋದು ವಿಷಯ. ಆ ವರ್ಷವನ್ನ ವಾಪಸ್ ಕೊಡ್ತೀಯಾ ಅಂತ ಯಾರಾದ್ರೂ ಕೇಳಿದ್ರೆ ನಾನು ಕೊಡಲ್ಲ. ನಾವು ಮಾಡಿದ ತಪ್ಪು 2009ರದ್ದಲ್ಲ. 2010ರದ್ದು.

ಆ ಆಗಸ್ಟಿನಲ್ಲಿ ಫಾರ್ವ್ ಮತ್ತೆ "ಬರ್ತೀನೋ ಇಲ್ವೋ" ಅಂತ ಮಿಸಿಸಿಪ್ಪಿಯ ಮನೆಯಲ್ಲಿ ಕೂತ. ತಂಡದವರು ಏನು ಮಾಡಿದ್ರು? ಅಭ್ಯಾಸ ನಡೀತಿರುವಾಗಲೇ ಹಚಿನ್ಸನ್, ಜ್ಯಾರೆಡ್ ಆ್ಯಲನ್, ಲಾಂಗ್‌ವೆಲ್ ಮೂವರೂ ವಿಮಾನ ಹತ್ತಿ ಹ್ಯಾಟಿಸ್ಬರ್ಗಿಗೆ ಹೋಗಿ ಕೈಕಾಲು ಹಿಡಿದು ಕರ್ಕೊಂಡು ಬಂದ್ರು. ಅಳಿಯ ಮೊದಲ ದೀಪಾವಳಿಗೆ ಬರೋದು ಬೇರೆ, ಮುನಿಸಿಕೊಂಡವನನ್ನ ಮರುವರ್ಷವೂ ಹೋಗಿ ಓಲೈಸಿ ತರೋದು ಬೇರೆ. ಆ ವರ್ಷ ಅವನು ಕೊಟ್ಟಿದ್ದು 11 ಟಚ್‌ಡೌನ್, 19 ಇಂಟರ್‌ಸೆಪ್ಷನ್. ನವೆಂಬರಿನಲ್ಲಿ ಕಾರು ಓಡಿಸಿದ ಕೋಚಿನ ಕೆಲಸ ಹೋಯ್ತು. ಡಿಸೆಂಬರ್ 12ಕ್ಕೆ ಹಿಮದ ಭಾರಕ್ಕೆ ಮೆಟ್ರೊಡೋಮಿನ ಚಾವಣಿಯೇ ಹರಿದು ಬಿತ್ತು. ಮರುದಿನ ಡೆಟ್ರಾಯಿಟ್‌ನಲ್ಲಿ ನಡೆದ ಆಟಕ್ಕೆ ಅವನು ಇಳಿಯಲಿಲ್ಲ. 297 ಆಟ ಒಂದನ್ನೂ ತಪ್ಪಿಸದ ಸರಣಿ ಅಲ್ಲಿಗೆ ಮುಗೀತು. ವಾರ ಕಳೆದು ಯೂನಿವರ್ಸಿಟಿಯ ಬಯಲು ಮೈದಾನದಲ್ಲಿ, ಕಲ್ಲಿನ ಹಾಗೆ ಹೆಪ್ಪುಗಟ್ಟಿದ ನೆಲಕ್ಕೆ ಬಿದ್ದವನು ಮತ್ತೆ ಆಡಲೇ ಇಲ್ಲ.

ಹದಿನೈದು ವರ್ಷ ಯೋಚಿಸಿ ನನಗೆ ಅನ್ನಿಸಿರೋದು ಇದು: ವಯಸ್ಸಾದವನ ತೋಳು ಅಷ್ಟು ಬೇಗ ಸೋಲಲ್ಲ. ಎದುರಾಳಿಯ ಲೆಕ್ಕಾಚಾರ ಓದೋ ಕಣ್ಣಂತೂ ಇನ್ನೂ ಚುರುಕಾಗುತ್ತೆ. ಮೊದಲು ಹೋಗೋದು ಕಾಲು. ಮೈಮೇಲೆ ಬರೋರಿಂದ ಅರ್ಧ ಹೆಜ್ಜೆ ತಪ್ಪಿಸಿಕೊಳ್ಳೋ ಶಕ್ತಿ, ಭಾನುವಾರದ ಪೆಟ್ಟು ಮುಂದಿನ ಭಾನುವಾರದೊಳಗೆ ಮಾಯೋದು. ಅದಕ್ಕೇ ಅವನ ಮುಂದೆ ಗೋಡೆ ಹಾಗೆ ನಿಲ್ಲೋ ಐದು ಜನ ಹೇಗಿದ್ದಾರೆ ಅನ್ನೋದೇ ಅವನ ವಯಸ್ಸು.

ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ನ ನೋಡು. ಕತ್ತಿನ ಮೇಲೆ ಸರ್ಜರಿ ಮೇಲೆ ಸರ್ಜರಿ ಆಗಿ 2011 ಪೂರ್ತಿ ಮನೆಯಲ್ಲಿ ಕೂತ. ಅವನ ಹಳೇ ತಂಡ ಇಂಡಿಯಾನಾಪೊಲಿಸ್ ಕಣ್ಣೀರಿಟ್ಟು ಕಳಿಸಿಕೊಟ್ಟಿತು. ಡೆನ್ವರ್ ಐದು ವರ್ಷಕ್ಕೆ 9.6 ಕೋಟಿ ಡಾಲರ್ ಮಾತಾಡಿ ಕರೆದಾಗ ಹುಚ್ಚರು ಅಂದವರೇ ಹೆಚ್ಚು. 2013ರಲ್ಲಿ 55 ಟಚ್‌ಡೌನ್, ದಾಖಲೆ. ಆ ಸಲದ ಸೂಪರ್ ಬೌಲ್‌ನಲ್ಲಿ ಸಿಯಾಟಲ್ ಕೈಲಿ 43–8ರ ಪೆಟ್ಟು. 2015ರಲ್ಲಿ ಬರೀ 9 ಟಚ್‌ಡೌನ್, 17 ಇಂಟರ್‌ಸೆಪ್ಷನ್, ಮಧ್ಯದಲ್ಲಿ ಬೆಂಚಿಗೂ ಕೂರಿಸಿದ್ರು. ಕಪ್ ಬಂದಿದ್ದು ಆ ವರ್ಷ! ಗೆಲ್ಲಿಸಿದ್ದು ವಾನ್ ಮಿಲ್ಲರ್ ಮತ್ತವನ ರಕ್ಷಣಾ ಪಡೆ. ದೊಡ್ಡವರು ಮನೆಯಲ್ಲಿದ್ದರು, ದುಡಿದಿದ್ದು ಮಕ್ಕಳು. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಕತೆ ಬಿಡು, 43ಕ್ಕೆ ಟ್ಯಾಂಪಾದಲ್ಲಿ ಕಪ್ ಎತ್ತಿದವನನ್ನ ಲೆಕ್ಕಕ್ಕೆ ತಗೊಂಡು ಯಾರೂ ಮನೆ ಕಟ್ಟಬಾರದು.

ಇನ್ನು ಜೆಟ್ಸ್. ಅವರ ಮನೆಯಲ್ಲಿ ಗೋಡೆಯೇ ನೆಟ್ಟಗಿರಲಿಲ್ಲ. 2023ರ ಸೆಪ್ಟೆಂಬರ್ 11ರ ರಾತ್ರಿ ರಾಜರ್ಸ್ ದೇಶದ ಬಾವುಟ ಹಿಡಿದು ಓಡಿ ಬಂದ. ನಾಲ್ಕನೇ ಸಲ ಚೆಂಡು ಕೈಗೆ ಬಂದಾಗ ಬಿದ್ದ, ಎದ್ದ, ಮತ್ತೆ ಮೆಲ್ಲಗೆ ನೆಲದ ಮೇಲೆ ಕೂತ. ಹಿಮ್ಮಡಿಯ ಸ್ನಾಯುರಜ್ಜು ಕಿತ್ತುಹೋಗಿತ್ತು. ಅವನು ಹಾಗೆ ಕೂತಿದ್ದು ನನ್ನ ಕಣ್ಣಿಗೆ ಇನ್ನೂ ಕಟ್ಟಿದ ಹಾಗಿದೆ. ಬಸ್ಸು ತಪ್ಪಿಸಿಕೊಂಡವನು ಚೀಲದ ಮೇಲೆ ಕೂರ್ತಾನಲ್ಲ, ಹಾಗೆ. ಮರುವರ್ಷ ಹದಿನೇಳೂ ಆಟ ಆಡಿ 28 ಟಚ್‌ಡೌನ್ ಎಸೆದ, ನಲವತ್ತು ತುಂಬಿದವನಿಗೆ ಅದು ಸಣ್ಣದಲ್ಲ. ತಂಡ ಮಾತ್ರ 5 ಗೆದ್ದು 12 ಸೋತಿತು.

ಈಗ ನಿಮ್ಮ ಮನೆ. ನಿಮ್ಮದು ಅತ್ತ ದರಿ ಇತ್ತ ಪುಲಿ. ಟಾಮ್ಲಿನ್ 2007ರಿಂದ ಕೋಚ್, ಒಂದು ವರ್ಷವೂ ಗೆಲುವಿಗಿಂತ ಸೋಲು ಹೆಚ್ಚಾಗಿಲ್ಲ. ಆದರೆ ಪ್ಲೇಆಫ್‌ನಲ್ಲಿ, ಅಂದ್ರೆ ಸೀಸನ್ ಕೊನೆಯ ನಾಕೌಟ್ ಸುತ್ತಿನಲ್ಲಿ, ಕೊನೆಗೆ ಗೆದ್ದಿದ್ದು 2017ರ ಜನವರಿಯಲ್ಲಿ. ನಿಮ್ಮ ರಕ್ಷಣಾ ಪಡೆಯ ಟಿ. ಜೆ. ವಾಟ್ ತಂಡಕ್ಕೆ ಬಂದಿದ್ದು ಅದಾಗಿ ಮೂರು ತಿಂಗಳಿಗೆ. ಅಂದ್ರೆ ಅಂಥ ಆಟಗಾರ ಇಷ್ಟು ವರ್ಷದಲ್ಲಿ ಒಂದೇ ಒಂದು ಪ್ಲೇಆಫ್ ಗೆಲುವು ಕಂಡಿಲ್ಲ. ಅದೇ ಪಡೆಯ ಹೇವರ್ಡ್‌ಗೆ 36 ಆಯ್ತು. ಇವರ ಮುಖ ನೋಡಿದ್ರೆ ಗಾಳಿ ಬಂದಾಗ ತೂರಿಕೊಳ್ಳಿ ಅನ್ನಬೇಕು ಅನ್ನಿಸುತ್ತೆ. ಆದರೆ ಅದೇ ನೆಪದಲ್ಲಿ ಹಳೇ ಕ್ವಾರ್ಟರ್‌ಬ್ಯಾಕ್ ರಾತ್ಲಿಸ್ಬರ್ಗರ್ ಹೋದ ಮೇಲೆ ಪಿಕೆಟ್, ಫೀಲ್ಡ್ಸ್, ವಿಲ್ಸನ್ ಅಂತ ಒಬ್ಬರಾದ ಮೇಲೊಬ್ಬರನ್ನ ಬಾಡಿಗೆದಾರರ ಹಾಗೆ ಇಟ್ಟುಕೊಂಡಿರಿ. ಕಾಲೇಜಿನ ಹುಡುಗರನ್ನ ತಂಡಗಳು ಸರದಿಯಲ್ಲಿ ಆರಿಸೋದು ಡ್ರಾಫ್ಟ್, ಸೋತವರಿಗೆ ಅಲ್ಲಿ ಮೊದಲ ಸರದಿ. ಹತ್ತು ಗೆಲ್ಲೋ ತಂಡಕ್ಕೆ ಅದರಲ್ಲಿ ಒಳ್ಳೇ ಹುಡುಗ ಸಿಗಲ್ಲ, ಒಳ್ಳೇ ಹುಡುಗ ಇಲ್ಲದೆ ಹತ್ತರ ಮೇಲೆ ಏರೋಕಾಗಲ್ಲ. ಎಸೆದ ಚೆಂಡು ಹಿಡಿಯೋಕೆ ಮೆಟ್‌ಕಾಫ್‌ನ ದುಡ್ಡು ಸುರಿದು ತಂದಿರಿ. ಅದೇ ಕೆಲಸದ ಪಿಕನ್ಸ್‌ನ ಡಲ್ಲಾಸ್‌ಗೆ ಕಳಿಸಿದಿರಿ. ಚೆಂಡು ಎಸೆಯೋಕೆ ಸದ್ಯಕ್ಕೆ ರುಡಾಲ್ಫ್, ಮತ್ತೆ ಆರನೇ ಸುತ್ತಿನಲ್ಲಿ ಆರಿಸಿದ ವಿಲ್ ಹಾವರ್ಡ್. ಊಟದ ಎಲೆ ಹಾಕಿಯಾಗಿದೆ, ಭಟ್ಟರು ಇನ್ನೂ ಬಂದಿಲ್ಲ.

ಮಾರ್ಚ್ 21ಕ್ಕೆ ನಿಮ್ಮೂರಿಗೆ ಬಂದು ಮಾತಾಡಿ ಹೋದವನು ಇನ್ನೂ ಹೂಂ ಅಂದಿಲ್ಲ. ಹತ್ತಿರದವರಿಗೆ ಹುಷಾರಿಲ್ಲ ಅಂತ ಅವನೇ ಏಪ್ರಿಲ್‌ನಲ್ಲಿ ಹೇಳಿದ. ಅದರ ಬಗ್ಗೆ ನಾನು ನಾಲಿಗೆ ಹರಿಬಿಡಲ್ಲ, ಯಾರ ಮನೆ ಕಷ್ಟ ಯಾರಿಗೆ ಗೊತ್ತು. ಒಂದು ಕೋಟಿ ಡಾಲರಿಗೂ ಆಡ್ತೀನಿ ಅಂದಿದ್ದಾನಲ್ಲ, ಅದು ಒಳ್ಳೇ ಸುದ್ದಿ. ದುಡ್ಡು ಕಮ್ಮಿ ಆದ್ರೆ ಸ್ಯಾಲರಿ ಕ್ಯಾಪ್‌ನಲ್ಲಿ, ಅಂದ್ರೆ ತಂಡದ ಒಟ್ಟು ಸಂಬಳದ ಮಿತಿಯಲ್ಲಿ, ಉಸಿರಾಡೋಕೆ ಜಾಗ ಇರುತ್ತೆ.

ಇನ್ನೊಂದು ಮಾತು, ನಗಬೇಡ. ಈ ಮಾರ್ಚಿನಲ್ಲಿ ಅವನು ನಮ್ಮ ವೈಕಿಂಗ್ಸ್‌ಗೇ ಬರಬಹುದು ಅಂತ ಸುದ್ದಿ ಹಬ್ಬಿತ್ತಲ್ಲ, ನಾನು ಒಂದು ವಾರ ನೆಟ್ಟಗೆ ನಿದ್ದೆ ಮಾಡಲಿಲ್ಲ. ಎಲ್ಲರ ಎದುರು "ಬೇಡಪ್ಪಾ, ನಮ್ಮ ಹುಡುಗ ಮೆಕಾರ್ತಿಗೆ ಅವಕಾಶ ಕೊಡಿ" ಅಂತಿದ್ದೆ. ಒಳಗೊಳಗೆ ಮೆಟ್ರೊಡೋಮಿನ ಆ ಗಾಳಿ ಬೆನ್ನಿಗೆ ಬಡೀತಿತ್ತು. ನಮ್ಮವರು ಬೇಡ ಅಂದಾಗ ಹಗುರಾಯ್ತು. ಜೊತೆಗೆ ಸ್ವಲ್ಪ ಬೇಜಾರೂ ಆಯ್ತು, ಸುಳ್ಳು ಯಾಕೆ ಹೇಳಲಿ.

ಹಾಗಾಗಿ ನೀನು ಕೇಳಿದ್ದಕ್ಕೆ ನನ್ನ ಉತ್ತರ: ಬಂದ್ರೆ ಕರ್ಕೊಳ್ಳಿ. ಒಂದು ವರ್ಷಕ್ಕೆ. ಬಾವುಟ, ಹೆಲಿಕಾಪ್ಟರ್ ಏನೂ ಬೇಡ. ಹಾವರ್ಡ್‌ನ ಅವನ ಪಕ್ಕದಲ್ಲೇ ಕೂರಿಸಿ. ಸೀಸನ್ ಮುಗಿದ ದಿನ ಕೈ ಕುಲುಕಿ ಕಳಿಸಿಕೊಡಿ, ಕಪ್ ಬಂದ್ರೂ, ಬರದೇ ಹೋದ್ರೂ. ಮುಂದಿನ ವರ್ಷದ ಡ್ರಾಫ್ಟ್ ನಿಮ್ಮೂರಲ್ಲೇ ನಡೆಯುತ್ತೆ, ಅವತ್ತು ಹುಡುಗನನ್ನ ಹುಡುಕಿ. "ಇನ್ನೊಂದೇ ಒಂದು ವರ್ಷ" ಅಂತ ಅವನ ಮನೆಗೆ ವಿಮಾನ ಹತ್ತೋಕೆ ನಿಮ್ಮ ಮೂರು ಜನ ಹೊರಟ್ರೆ ಮಾತ್ರ ಏರ್‌ಪೋರ್ಟಿಗೆ ಹೋಗಿ ಅಡ್ಡ ಮಲಗು.

2011ರ ಫೆಬ್ರವರಿಯಲ್ಲಿ ಇದೇ ರಾಜರ್ಸ್ ಸೂಪರ್ ಬೌಲ್‌ನಲ್ಲಿ ನಿಮ್ಮನ್ನ 31–25ಕ್ಕೆ ಮುಗಿಸಿದಾಗ ನೀನು ಎರಡು ದಿನ ಫೋನ್ ಎತ್ತಿರಲಿಲ್ಲ, ನೆನಪಿದೆಯಾ? ಈಗ ಅವನದೇ ಅಂಗಿ ಕೊಳ್ಳೋಕೆ ಹೊರಟಿದ್ದೀಯ. ಸ್ವಲ್ಪ ತಡಿ. ಅವನು ಸಹಿ ಹಾಕಲಿ.

ಸೆಪ್ಟೆಂಬರ್ 28ಕ್ಕೆ ನಮ್ಮಿಬ್ಬರ ತಂಡಗಳೂ ಡಬ್ಲಿನ್‌ನಲ್ಲಿ ಎದುರುಬದುರು. ನಿನಗೆ ಬೆಳಗ್ಗೆ ಒಂಬತ್ತೂವರೆ, ನನಗೆ ಎಂಟೂವರೆ. ಇಲ್ಲಿಗೇ ಬಂದುಬಿಡು, ಒಟ್ಟಿಗೆ ನೋಡೋಣ. ಇವಳು ಉಪ್ಪಿಟ್ಟು ಮಾಡಲ್ಲ ಅಂದಿದ್ದಾಳೆ, ಆಟ ನೋಡೋರೇ ಮಾಡಿಕೊಳ್ಳಬೇಕಂತೆ. ಬರುವಾಗ ಬನ್ಸಿ ರವೆ ತಗೊಂಡು ಬಾ, ಇಲ್ಲಿನ ಅಂಗಡಿಯಲ್ಲಿ ಮುಗಿದಿದೆ.

ನಿನ್ನ,
ರಘು