ಮ್ಯಾಮೊಗ್ರಾಂ–ಅಲ್ಟ್ರಾಸೌಂಡ್ ಜೋಡಿ ಪ್ಯಾಕೇಜ್ ಇನ್ನಿಲ್ಲ

ಮಾನ್ಯರೇ,

ಮಂಡ್ಯದ ನಮ್ಮ ಸ್ಕ್ಯಾನಿಂಗ್ ಸೆಂಟರಿನಲ್ಲಿ ಇದುವರೆಗೆ ಮ್ಯಾಮೊಗ್ರಾಂಗೆ (ಸ್ತನದ ಎಕ್ಸರೇಗೆ) ಬಂದವರಿಗೆಲ್ಲ ಅಲ್ಟ್ರಾಸೌಂಡನ್ನೂ ಸೇರಿಸಿ ಒಂದೇ ದರ ಹಾಕುತ್ತಿದ್ದೆವು. ಮುಂದಿನ ತಿಂಗಳಿಂದ ಮೊದಲು ಮ್ಯಾಮೊಗ್ರಾಂ ಮಾತ್ರ. ಸ್ತನದ ಸಾಂದ್ರತೆ ಎ, ಬಿ, ಸಿ, ಡಿ ಇವುಗಳಲ್ಲಿ ಯಾವುದು ಎಂದು ವರದಿಯಲ್ಲಿ ಕನ್ನಡದಲ್ಲೇ ಬರೆದು ಕೊಡುತ್ತೇವೆ. ಎರಡನೇ ಪರೀಕ್ಷೆಯ ಮಾತು ಆಮೇಲೆ.

ಎ ಅಥವಾ ಬಿ ಬಂದು, ಕೈಗೆ ಗಂಟು ಸಿಗದಿದ್ದರೆ ಸಾಮಾನ್ಯವಾಗಿ ಅಷ್ಟೇ ಸಾಕು. ಸಿ, ಡಿ ಎಂದರೆ ಕೊಬ್ಬು ಕಡಿಮೆ, ಗ್ರಂಥಿ ಮತ್ತು ನಾರಿನಂಶ ಹೆಚ್ಚು. ಎಕ್ಸರೇಯಲ್ಲಿ ಅದೂ ಬಿಳಿ, ಗಡ್ಡೆಯೂ ಬಿಳಿ; ಹಾಲಿಗೆ ಬಿದ್ದ ಅಕ್ಕಿಕಾಳು ಹುಡುಕಿದ ಹಾಗೆ. ಇದು ಕಾಯಿಲೆಯಲ್ಲ, ಗಾಬರಿ ಬೇಡ. ಆದರೆ 'ನಾರ್ಮಲ್' ಎಂಬ ವರದಿಯೊಂದನ್ನೇ ನಂಬಿ ಕೂರುವಂತೆಯೂ ಇಲ್ಲ.

ಇಂಥವರಿಗೆ ಯಾವ ಪರೀಕ್ಷೆ ಮೇಲು ಎಂದು ಬ್ರಿಟನ್ನಿನಲ್ಲಿ ನಡೆದ 'ಬ್ರೇಡ್' (BRAID) ಅಧ್ಯಯನ 2025ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸಾಂದ್ರತೆ ಹೆಚ್ಚಿದ್ದು, ಮ್ಯಾಮೊಗ್ರಾಂನಲ್ಲಿ ಏನೂ ಕಾಣದ 50ರಿಂದ 70 ವಯಸ್ಸಿನವರು ಅದರಲ್ಲಿದ್ದರು. ಸಾವಿರ ಪರೀಕ್ಷೆಗೆ ಯಂತ್ರವೇ ನಡೆಸುವ ಅಲ್ಟ್ರಾಸೌಂಡ್ ಸುಮಾರು 4 ಕ್ಯಾನ್ಸರ್ ಹಿಡಿಯಿತು; ಕಡಿಮೆ ಅವಧಿಯ ಎಂಆರ್‌ಐ 17, ಕಾಂಟ್ರಾಸ್ಟ್ ಮ್ಯಾಮೊಗ್ರಾಂ (ರಕ್ತನಾಳಕ್ಕೆ ಔಷಧಿ ಕೊಟ್ಟು ತೆಗೆಯುವ ಮ್ಯಾಮೊಗ್ರಾಂ) 19. ನಮ್ಮದು ಕೈಯಲ್ಲಿ ಹಿಡಿದು ಮಾಡುವ ಅಲ್ಟ್ರಾಸೌಂಡ್, ಬರುವವರಲ್ಲಿ ನಲವತ್ತರ ಆಸುಪಾಸಿನವರೂ ಇದ್ದಾರೆ, ಹಾಗಾಗಿ ಅಂಕಿಯನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಹೆಚ್ಚು ಹಿಡಿದಷ್ಟೂ ಹೆಚ್ಚು ಜೀವ ಉಳಿಯುತ್ತದೆ ಎಂದೂ ಆ ಅಧ್ಯಯನ ಸಾಬೀತು ಮಾಡಿಲ್ಲ. ಆದರೂ ಇಷ್ಟು ಅಂತರ ಕಂಡ ಮೇಲೆ, 'ಎರಡೂ ಆಯ್ತಲ್ಲ, ನಿಶ್ಚಿಂತೆಯಾಗಿರಿ' ಎಂದು ಎಲ್ಲರಿಂದಲೂ ದುಡ್ಡು ತೆಗೆದುಕೊಳ್ಳಲು ನಮಗೆ ಮನಸ್ಸಿಲ್ಲ.

ಹಾಗೆಂದು ಅಲ್ಟ್ರಾಸೌಂಡ್ ಮೂಲೆಗೆ ಸೇರಿಲ್ಲ. ಗಂಟು ಸಿಕ್ಕವರಿಗೆ, ಚಿಕ್ಕ ವಯಸ್ಸಿನವರಿಗೆ, ಬಯಾಪ್ಸಿಯ (ಪರೀಕ್ಷೆಗೆ ಗಂಟಿನ ಚೂರು ತೆಗೆಯುವ) ಸೂಜಿಗೆ ದಾರಿ ತೋರಲು ಅದೇ ಬೇಕು. ವಿಕಿರಣವಿಲ್ಲ, ಚುಚ್ಚುಮದ್ದಿಲ್ಲ. ಎಂಆರ್‌ಐ ಸಾಧ್ಯವಾಗದ ಸಿ, ಡಿಯವರಿಗೂ ಮಾಡುತ್ತೇವೆ. ಆದರೆ ಅದರಲ್ಲಿ ನಿರುಪದ್ರವಿ ನೀರುಗಂಟುಗಳೂ ಕಾಣುತ್ತವೆ, ಸುಮ್ಮನೆ ಸೂಜಿ ಚುಚ್ಚಿಸಿಕೊಳ್ಳುವ ಪ್ರಸಂಗವೂ ಬರುತ್ತದೆ.

ಎಂಆರ್‌ಐ, ಕಾಂಟ್ರಾಸ್ಟ್ ಮ್ಯಾಮೊಗ್ರಾಂ ನಮ್ಮಲ್ಲಿಲ್ಲ. ಬೇಕಾದವರಿಗೆ ಮೈಸೂರಿಗೆ ಚೀಟಿ ಬರೆದುಕೊಡುತ್ತೇವೆ. ಎಲ್ಲಿಗೆ ಹೋಗುವುದೆಂಬುದು ನಿಮ್ಮ ಇಷ್ಟ, ನಮಗೆ ಕಮಿಷನ್ ಇಲ್ಲ. ಎರಡಕ್ಕೂ ರಕ್ತನಾಳಕ್ಕೆ ಔಷಧಿ ಕೊಡಬೇಕು: ಎಂಆರ್‌ಐಗೆ ಗ್ಯಾಡೊಲಿನಿಯಂ, ಮತ್ತೊಂದಕ್ಕೆ ಅಯೋಡಿನ್ ಇರುವುದು. ಮೂತ್ರಪಿಂಡದ ತೊಂದರೆ, ಹಳೆಯ ಅಲರ್ಜಿ, ಸಕ್ಕರೆ ಕಾಯಿಲೆಯ ಮಾತ್ರೆ, ಪೇಸ್‌ಮೇಕರ್, ಬಸಿರು, ಯಾವುದಿದ್ದರೂ ಅಲ್ಲಿ ಮೊದಲೇ ಹೇಳಿ.

ಪ್ಯಾಕೇಜಿಗೆ ಈಗಾಗಲೇ ಹಣ ಕಟ್ಟಿದವರು ರಸೀದಿ ತಂದರೆ ವ್ಯತ್ಯಾಸದ ಹಣ ವಾಪಸ್. ಹಳೆಯ ಫಿಲ್ಮ್‌ಗಳನ್ನೂ ತನ್ನಿ, ಹೋಲಿಸಿ ನೋಡಲು ಬೇಕು. ಪರೀಕ್ಷೆಯ ದಿನ ಕಂಕುಳಿಗೆ, ಎದೆಗೆ ಪೌಡರ್ ಹಾಕಿಕೊಳ್ಳಬೇಡಿ. ಚಿತ್ರದಲ್ಲಿ ಅದೂ ಚುಕ್ಕೆಯಾಗಿ ಕಂಡೀತು.

ಇಂತಿ,
ಸೆಂಟರಿನ ಪರವಾಗಿ, ವ್ಯವಸ್ಥಾಪಕರು