ಉದ್ಧಾರವಾಗಿದ್ದು ಯಾರು ಸ್ವಾಮಿ?

ಮಾನ್ಯ ಸಂಪಾದಕರೇ,

ಕಾಲೇಜು ಸಭಾಂಗಣದ ಇತಿಹಾಸ ಉಪನ್ಯಾಸದ ಬಗ್ಗೆ ನೀವು ನಿನ್ನೆ ಹಾಕಿದ ವರದಿ ಓದಿ ತಲೆ ಕೆಟ್ಟುಹೋಯಿತು. ‘ಇಂಗ್ಲೆಂಡಿನ ವ್ಯಾಪಾರ ನೀತಿಯಿಂದ ಅಮೆರಿಕದ ವಸಾಹತುಗಳೂ ಉದ್ಧಾರವಾದವು’ ಎಂಬ ಮುಖ್ಯ ಅತಿಥಿಗಳ ಮಾತನ್ನೇ ತಲೆಬರಹ ಮಾಡಿದ್ದೀರಿ. ಉಪನ್ಯಾಸಕರು ಮರ್ಕೆಂಟಿಲಿಸಂ, ಅಂದರೆ ವಸಾಹತುಗಳ ವ್ಯಾಪಾರವನ್ನು ತಾಯ್ನಾಡಿನ ಲಾಭಕ್ಕೇ ಕಟ್ಟಿಹಾಕುವ ನೀತಿಯ ಬಗ್ಗೆ ಹೇಳಿದ್ದು ಒಂದು ಸಾಲೂ ಇಲ್ಲ.

ಮಗಳಿಗೆ ಪರೀಕ್ಷೆಗೆ ಇದೇ ಪಾಠ ಅಂತ ರಜೆ ಹಾಕಿ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಬನ್ನಿ ಅಂತ ಕರೆದವರು ಊಟದ ಹೊತ್ತಿಗೆ ಶುರು ಮಾಡಿದರು, ಸಾಹೇಬರು ಬರಬೇಕಿತ್ತಲ್ಲ! ಫ್ಯಾನ್ ಇಲ್ಲ, ಕುಡಿಯಲು ನೀರಿಲ್ಲ. ಬಂದ ಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ, ಫೋಟೊ. ಉಪನ್ಯಾಸಕರು 1660ರ ನೌಕಾಯಾನ ಕಾಯ್ದೆಗೆ ಬರುವಷ್ಟರಲ್ಲಿ ‘ಬೇಗ ಮುಗಿಸಿ’ ಅಂತ ಚೀಟಿ ಬಂತು. ಪ್ರಶ್ನೆ ಕೇಳಲು ಎದ್ದರೆ ಮೈಕೇ ಆಫ್.

ಅಲ್ಲಿ ಕೇಳಲಾಗದ್ದನ್ನು ಇಲ್ಲಿ ಕೇಳುತ್ತೇನೆ. ಆ 1660ರ ಕಾಯ್ದೆಯಿಂದಾಗಿ, ಡಚ್ಚರು ಜಾಸ್ತಿ ಬೆಲೆ ಕೊಡುತ್ತೇವೆಂದರೂ ಅಮೆರಿಕದ ವರ್ಜೀನಿಯಾ ವಸಾಹತಿನ ತಂಬಾಕು ಇಂಗ್ಲೆಂಡ್ ಮತ್ತು ಅದರ ವಸಾಹತು ಬಿಟ್ಟು ಬೇರೆಲ್ಲೂ ಹೋಗುವಂತಿರಲಿಲ್ಲ. 1663ರಿಂದ ವಸಾಹತಿಗೆ ಹೋಗುವ ಯುರೋಪಿನ ಬಹುಪಾಲು ಸಾಮಾನು ಕೂಡ ಮೊದಲು ಇಂಗ್ಲೆಂಡಿನ ಬಂದರಿಗೆ ಬಂದೇ ಸಮುದ್ರ ದಾಟಬೇಕಿತ್ತು. ಟೋಪಿ ಕತೆ ಇನ್ನೂ ಚೆನ್ನ. ಬೀವರ್ ಪ್ರಾಣಿಯ ತುಪ್ಪಳ ಅಮೆರಿಕದ್ದು, ಟೋಪಿ ಮಾಡುವ ಕೈಯೂ ಅಲ್ಲಿಯದೇ. ಲಂಡನ್ನಿನ ಟೋಪಿಯವರು ಗೋಳಾಡಿದರು ಅಂತ 1732ರಲ್ಲಿ ಕಾಯ್ದೆ ಬಂತು. ಒಂದು ವಸಾಹತಿನ ಟೋಪಿ ಪಕ್ಕದ ವಸಾಹತಿಗೂ ಹೋಗಕೂಡದು. ಒಬ್ಬ ಕಸುಬುದಾರ ಒಮ್ಮೆಗೆ ಇಬ್ಬರಿಗಿಂತ ಜಾಸ್ತಿ ಹುಡುಗರಿಗೆ ಕೆಲಸ ಕಲಿಸಕೂಡದು! 1750ರಲ್ಲಿ ಕಬ್ಬಿಣದ ಸರದಿ: ಕಚ್ಚಾ ಬೀಡು ಕಬ್ಬಿಣ ಇಂಗ್ಲೆಂಡಿಗೆ ಕಳಿಸಿ, ಸುಂಕವಿಲ್ಲ, ಉಕ್ಕಿನ ಹೊಸ ಕುಲುಮೆ ಮಾತ್ರ ಹಾಕಬೇಡಿ. ನಮ್ಮ ಬಣ್ಣದ ಹತ್ತಿ ಬಟ್ಟೆಗೂ 1700 ಮತ್ತು 1721ರ ಕಾಯ್ದೆಗಳಲ್ಲಿ ಇಂಗ್ಲೆಂಡ್ ಬಾಗಿಲು ಹಾಕಿತು, ಅಲ್ಲಿನ ನೇಕಾರರು ಗಲಾಟೆ ಎಬ್ಬಿಸಿದರಂತ.

ವಸಾಹತಿನ ಹಡಗನ್ನೂ ಇಂಗ್ಲಿಷ್ ಹಡಗೆಂದೇ ಲೆಕ್ಕ ಹಾಕುತ್ತಿದ್ದರಿಂದ ಅಮೆರಿಕದ ನ್ಯೂ ಇಂಗ್ಲೆಂಡ್ ವಸಾಹತುಗಳಲ್ಲಿ ಹಡಗು ಕಟ್ಟುವವರಿಗೆ ಕೆಲಸ ಸಿಕ್ಕಿತು, ಒಪ್ಪೋಣ. ಅಷ್ಟಕ್ಕೇ ಉದ್ಧಾರವಾ? 1773ರಲ್ಲಿ ಬಾಸ್ಟನ್ ಜನ ಇಂಗ್ಲೆಂಡ್ ಹೇರಿದ ಚಹಾ ಸುಂಕಕ್ಕೆ ಸಿಟ್ಟಾಗಿ 342 ಪೆಟ್ಟಿಗೆ ಚಹಾವನ್ನು ನೀರಿಗೆ ಎಸೆದದ್ದು ಸುಮ್ನೆಯಾ?

ಮಗಳು ‘ಎರಡೂ ಕಡೆಗೆ ಲಾಭ’ ಅಂತ ನೋಟ್ಸ್ ಬರೆದುಕೊಂಡಿದ್ದಾಳೆ. ಪೇಪರಲ್ಲೇ ಬಂದಿದೆಯಲ್ಲಪ್ಪಾ ಅನ್ನುತ್ತಾಳೆ. ಪುಸ್ತಕ ತೋರಿಸೋಣವೆಂದರೆ ಗ್ರಂಥಾಲಯದಲ್ಲಿ ಇತಿಹಾಸದ ಕಪಾಟಿಗೆ ಬೀಗ. ಕೀಲಿ ಇಟ್ಟುಕೊಂಡವರು ಡೆಪ್ಯುಟೇಶನ್ ಮೇಲೆ ಹೋಗಿದ್ದಾರಂತೆ. ಸಭಾಂಗಣದ ಮುಂದೆ ಅಗೆದ ಚರಂಡಿ ಹೋದ ಮಳೆಗಾಲದಿಂದ ಹಾಗೇ ಬಾಯಿ ಬಿಟ್ಟುಕೊಂಡಿದೆ. ಸಾಹೇಬರ ಕಾರು ಅದನ್ನು ಸುತ್ತಿ ಬಳಸಿಯೇ ಒಳಗೆ ಬಂತು, ಕಣ್ಣಿಗೆ ಬೀಳಲಿಲ್ಲವೇ? ಬೀದಿದೀಪದ ಅರ್ಜಿಗೂ ಇವರದು ‘ನೋಡೋಣ’ ಎಂಬ ಉತ್ತರವೇ.

ಪತ್ರಿಕೆ ಕೂಡಲೇ ತಿದ್ದುಪಡಿ ಹಾಕಲಿ. ಆ ಉಪನ್ಯಾಸವನ್ನು ಅತಿಥಿಗಳಿಲ್ಲದೆ ಇನ್ನೊಮ್ಮೆ ಇಡಿಸಲಿ. ಆಗದಿದ್ದರೆ ಚರಂಡಿಯನ್ನಾದರೂ ಮುಚ್ಚಿಸಲಿ. ಅದೂ ಆಗದಿದ್ದರೆ ಗೊತ್ತಿಲ್ಲದ ವಿಷಯಕ್ಕೆ ಮೈಕ್ ಹಿಡಿಯುವ ಚಟವನ್ನಾದರೂ ಸಾಹೇಬರು ಬಿಡಲಿ.

ಇಂತಿ,
ನಿಮ್ಮ ಹಳೆಯ ಓದುಗ