ಹಳೇ ಕಂಪ್ಯೂಟರಿಗೆ ನೆಟ್ ಬರಿಸಿದ ಪುಣ್ಯಾತ್ಮರಿಗೆ

ಹೆಸರು ಹಾಕಬೇಡಿ ಅಂದಿದ್ದೀರಿ. ಆಯ್ತು, ಹೆಸರಿಲ್ಲದೆಯೇ ಥ್ಯಾಂಕ್ಸ್ ಹೇಳುತ್ತೇನೆ.

ಬ್ರಾಡ್‌ಬ್ಯಾಂಡ್ ಹಾಕಿಸಿದಾಗ ನಮ್ಮ ಹಳೇ ಡಬ್ಬ ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಗುಜರಿಗೆ ಹಾಕಿ, ಹೊಸದು ತಗೊಳ್ಳಿ. ನೀವೊಬ್ಬರೇ ಅದನ್ನು ತಿರುಗಿಸಿ ಹಿಂಭಾಗ ನೋಡಿದಿರಿ. ವೈಫೈ ಇಲ್ಲದಿದ್ದರೇನು, ನೆಟ್ ಕೇಬಲ್ ಚುಚ್ಚುವ ಲ್ಯಾನ್ ಪೋರ್ಟ್ ಇದೆಯಲ್ಲ! ಧೂಳು ಊದಿ ಕೇಬಲ್ ತೂರಿಸಿದಿರಿ. ಟಕ್ ಅಂತು, ಪಕ್ಕದಲ್ಲೇ ಹಸಿರು ದೀಪ ಮಿನುಗಿತು. ಪೋರ್ಟು 100 ಎಂಬಿಪಿಎಸ್ ವೇಗದ ತನಕ ತಾಳುತ್ತದೆ, ನಮ್ಮ ಪ್ಲಾನ್ 50ರದ್ದು. ವೈಫೈ ಅಡಾಪ್ಟರ್‌ಗೆ ಸುಮ್ನೆ ಯಾಕೆ ದುಡ್ಡು ಅಲ್ವಾ?

ಆದರೂ ಸೈಟ್‌ಗಳು ತೆರೆಯಲಿಲ್ಲ. ಒಂದೊಂದಕ್ಕೂ 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ. ನಾನು ಕನೆಕ್ಷನ್ ಕೊಟ್ಟವರನ್ನು ಬೈಯುತ್ತಿದ್ದರೆ ನೀವು ಪರದೆಯ ಮೂಲೆಯ ತಾರೀಖು ತೋರಿಸಿದಿರಿ. ಅದು 2007ಕ್ಕೆ ಹೋಗಿ ಕೂತಿತ್ತು! ಒಳಗಿನ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ ಸತ್ತಿದ್ದರಿಂದ, ಕರೆಂಟ್ ತೆಗೆದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ತಾರೀಖು ತಪ್ಪಿದ್ದರೆ ಬ್ರೌಸರ್ ಸೈಟಿನ ಸರ್ಟಿಫಿಕೇಟನ್ನು, ಅಂದರೆ ಅದು ಅಸಲಿ ಎಂಬ ಗುರುತುಚೀಟಿಯನ್ನು, ನಂಬುವುದಿಲ್ಲವಂತೆ. ಇಷ್ಟು ಚಿಕ್ಕ ಸೆಲ್ಲಿಗೆ ಇಷ್ಟು ದೊಡ್ಡ ರಗಳೆ!

ಇನ್ನೊಂದು ಉಪಕಾರವನ್ನೂ ಮರೆಯುವಂತಿಲ್ಲ. ನಮ್ಮ ಡಬ್ಬದಲ್ಲಿದ್ದ ವಿಂಡೋಸ್ ಎಕ್ಸ್‌ಪಿಗೆ 2014ರಲ್ಲೇ ಸಪೋರ್ಟ್ ನಿಂತಿದೆ, ಅದರಲ್ಲಿ ಬ್ಯಾಂಕ್ ಕೆಲಸ ಬೇಡವೇ ಬೇಡ ಎಂದು ಗದರಿ, ಫೋಟೋಗಳನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸಿ, ವಿಂಡೋಸ್ ಬದಲಿಗೆ ಹಗುರವಾದ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟಿರಿ. ಅದೂ ಬಿಟ್ಟಿ.

ವಿಡಿಯೋ ಜಾಸ್ತಿ ಕ್ವಾಲಿಟಿಯಲ್ಲಿ ಹಾಕಿದರೆ ಈಗಲೂ ಏದುಸಿರು ಬಿಡುತ್ತದೆ. ಮೇಲ್, ಪೇಪರ್ ಓದುವುದು, ಅರ್ಜಿ ತುಂಬುವುದು ಎಲ್ಲ ಸಲೀಸು. ಖರ್ಚಾಗಿದ್ದು ಒಂದು ಕೇಬಲ್, ಒಂದು ಸೆಲ್. ನೀವು ದುಡ್ಡು ಮುಟ್ಟಲಿಲ್ಲ, ಹಾಗಾಗಿ ಈ ನಾಲ್ಕು ಸಾಲನ್ನಾದರೂ ಬೇಡ ಅನ್ನಬೇಡಿ.